ಜೇನುಸಾಕಣೆಯ ಮೊದಲ ಪಾಠ

ಹುಲಿಕಲ್ ಘಟ್ಟದ ಕಾಡಿನಲ್ಲಿ ಜೇನು ಸಾಕಬಯಸುವವರು ಪೆಟ್ಟಿಗೆಗೆ ತರಬೇಕಾದುದು ತುಡುವೆಯನ್ನು. ಹೆಜ್ಜೇನು ಬಯಲಿನಲ್ಲಿ ಒಂದೇ ಎರಿ ಕಟ್ಟುವುದು, ಪೆಟ್ಟಿಗೆಗೆ ಒಗ್ಗದು. ತುಡುವೆಯಾದರೋ ಪೊಟರೆ, ಹುತ್ತಗಳ ಕತ್ತಲೆಯಲ್ಲಿ ಸಾಲಾಗಿ ಹಲವು ಎರಿಗಳನ್ನು ಕಟ್ಟುತ್ತದೆ. ಮರಿಯಿರುವ ಎರಿಗಳನ್ನು ಕೊಯ್ದು, ಬಾಳೆನಾರಿನಿಂದ ಚೌಕಟ್ಟಿಗೆ ಬಿಗಿದು, ರಾಣಿಯನ್ನು ಜೋಪಾನವಾಗಿ ಒಳಸೇರಿಸಿದರೆ ಉಳಿದ ನೊಣಗಳು ಹಿಂಬಾಲಿಸುವುವು.

ನಿಜವಾದ ಪರೀಕ್ಷೆ ಮಳೆಗಾಲ. ಆಷಾಢದ ಮಳೆ ಹಿಡಿಯಿತೆಂದರೆ ನೊಣಗಳಿಗೆ ಹಾರಲು ಹೊಳವಿಲ್ಲ, ಹೂವೂ ಅಪರೂಪ. ಮೊದಲ ವರ್ಷ ನಾನು ಆಸೆಬುರುಕನಾಗಿ ಬೇಸಗೆಯ ತುಪ್ಪವನ್ನೆಲ್ಲ ತೆಗೆದೆ. ಶ್ರಾವಣದಲ್ಲಿ ಮುಚ್ಚಳ ತೆರೆದರೆ ಬರಿಯ ಎರಿಗಳು, ಕುಟುಂಬವೇ ಪರಾರಿ! ಅವುಗಳ ಪಾಲನ್ನು ಉಳಿಸಲೇಬೇಕು. ಸಾಲದಿದ್ದರೆ ಸಕ್ಕರೆಪಾಕ ಕೊಡಬೇಕು.

ರೋಗದ ಭಯವೂ ಉಂಟು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗದಿಂದ ದಕ್ಷಿಣ ಭಾರತದ ಅಸಂಖ್ಯ ತುಡುವೆ ಕುಟುಂಬಗಳು ಅಳಿದುವು. ಮರಿಗಳು ಚೀಲದಂತೆ ಊದಿ ಸತ್ತಿರುವ ಎರಿಯನ್ನು ಇನ್ನೊಂದು ಪೆಟ್ಟಿಗೆಗೆ ಎಂದೂ ಕಟ್ಟಬೇಡಿ.