ಗುಲಾಬಿ ಎಲೆ ಮಗುಚಿ ನೋಡಿದಿರಾ?

ಜನವರಿಯಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಬರಿಗೈಲಿ ಮನೆಗೆ ಬರುವುದು ಕಡಿಮೆ. ಸ್ಕೂಟರಿನಲ್ಲಿ ಕಾಲ ಬಳಿ ಒಂದು ಗುಲಾಬಿ ಸಸಿ ಕೂತೇ ಇರುತ್ತದೆ. ಫೆಬ್ರುವರಿಯಲ್ಲಿ ಮೊದಲ ಹೂವಿನ ಫೋಟೊ ನೆಂಟರಿಷ್ಟರ ವಾಟ್ಸ್‌ಆ್ಯಪಿಗೆಲ್ಲ ಹೋಗುತ್ತದೆ. ಶಿವರಾತ್ರಿ ಕಳೆದು ತಾರಸಿ ಕಾಯತೊಡಗಿದ ಮೇಲೆ ನನಗೆ ಬರುವ ಫೋಟೊಗಳೇ ಬೇರೆ. ಎಲೆ ಮಂಕಾಗಿದೆ, ಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕಿ. ಜೊತೆಗೊಂದು ಪ್ರಶ್ನೆ: ‘ಗೊಬ್ಬರ ಸಾಲದೇನೋ, ಯಾವುದು ಹಾಕಲಿ?’

ಯಾವುದೂ ಬೇಡ. ಯೂರಿಯಾ ಉಂಡು ಮೆತ್ತಗಾದ ಎಲೆ ಆ ಪೀಡೆಗೆ ಇನ್ನಷ್ಟು ರುಚಿ. ಮೊದಲು ಎಲೆಯನ್ನು ಮಗುಚಿ ನೋಡಿ.

ಅಡಿಯಲ್ಲಿ ದೂಳು ಕೂತಂತೆ, ಎಳೆ ಎಳೆಯಾಗಿ ಬಲೆ ಕಟ್ಟಿದಂತೆ ಕಂಡರೆ ಅದು ಕೆಂಪು ಜೇಡ ನುಸಿ. ತೆಂಗಿನ ಕಾಯಿಯನ್ನು ಕಾಡುವ ನುಸಿಯ ದೂರದ ಬಳಗ. ಗಾತ್ರ ಅರ್ಧ ಮಿಲಿಮೀಟರ್. ಎಲೆಯ ಅಡಿಯಲ್ಲೇ ಕೂತು ರಸ ಹೀರುತ್ತದೆ, ಅಲ್ಲೇ ಮೊಟ್ಟೆ ಇಡುತ್ತದೆ. 30 ಡಿಗ್ರಿ ಬಿಸಿಲಿನ ಒಣಹವೆಯಲ್ಲಿ ಮೊಟ್ಟೆ ಬಲಿತ ನುಸಿಯಾಗಲು ವಾರ, ಹತ್ತು ದಿನ ಸಾಕು. ಒಂದೊಂದು ಹೆಣ್ಣು ನೂರರ ಆಸುಪಾಸು ಮೊಟ್ಟೆ ಇಡುತ್ತದೆ ಎಂದಮೇಲೆ ಲೆಕ್ಕ ನೀವೇ ಹಾಕಿ. ಅನುಮಾನವಿದ್ದರೆ ಒಂದು ಬಿಳಿ ಹಾಳೆಯ ಮೇಲೆ ಎಲೆಯನ್ನು ಕೊಡವಿ. ಉದುರಿದ ಕಣಗಳಲ್ಲಿ ಕೆಲವು ನಿಧಾನಕ್ಕೆ ನಡೆಯತೊಡಗಿದರೆ ಅನುಮಾನ ತೀರಿತು.

ಹೆಚ್ಚಿನವರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಗೊಬ್ಬರದ ಅಂಗಡಿಗೆ ಹೋಗಿ ‘ಗುಲಾಬಿಗೆ ಹುಳ ಬಿದ್ದಿದೆ, ಔಷಧಿ ಕೊಡಿ’ ಅನ್ನುತ್ತಾರೆ. ಅಂಗಡಿಯವರು ಹುಳದ ಔಷಧಿಯನ್ನೇ ಕೊಡುತ್ತಾರೆ, ಅವರದ್ದೇನು ತಪ್ಪು? ಆದರೆ ನುಸಿ ಹುಳವಲ್ಲ. ಹುಳಕ್ಕೆ ಆರು ಕಾಲು, ಬಲಿತ ನುಸಿಗೆ ಎಂಟು. ಅದು ಜೇಡನ ಕುಲದ್ದು. ಗಿಡಹೇನಿಗೆ, ಬಿಳಿನೊಣಕ್ಕೆ ಚೆನ್ನಾಗಿ ಕೆಲಸ ಮಾಡುವ ಇಮಿಡಾಕ್ಲೋಪ್ರಿಡ್ ಇದರ ಕೂದಲೂ ಕೊಂಕಿಸುವುದಿಲ್ಲ. ಅಷ್ಟೇ ಆಗಿದ್ದರೆ ದುಡ್ಡು ದಂಡ ಅಂದುಕೊಂಡು ಸುಮ್ಮನಿರಬಹುದಿತ್ತು. ನುಸಿಯನ್ನು ಹಿಡಿದು ತಿನ್ನುವ ಗುಲಗಂಜಿ ಹುಳು, ಪರಭಕ್ಷಕ ನುಸಿಗಳೆಲ್ಲ ಆ ವಿಷಕ್ಕೆ ಸಾಯುತ್ತವೆ. ಇಮಿಡಾಕ್ಲೋಪ್ರಿಡ್ ಸೋಕಿದ ಗಿಡದಲ್ಲಿ ಹೆಣ್ಣು ನುಸಿ ಹೆಚ್ಚು ಮೊಟ್ಟೆ ಇಟ್ಟದ್ದನ್ನೂ ಸಂಶೋಧಕರು ಕಂಡಿದ್ದಾರೆ. ಸೈಪರ್‌ಮೆಥ್ರಿನ್ ಗುಂಪಿನ ಔಷಧಿಗಳ ಕಥೆಯೂ ಹೆಚ್ಚು ಕಡಿಮೆ ಇದೇ. ನಾನೂ ಒಂದು ಬೇಸಿಗೆಯಲ್ಲಿ ಇದನ್ನೇ ಮಾಡಿದವನು. ಎರಡು ಸಲ ಹೊಡೆದೆ. ಮೂರನೇ ವಾರಕ್ಕೆ ಮೊಗ್ಗಿನಿಂದ ಮೊಗ್ಗಿಗೆ ಬಲೆ ಕಟ್ಟಿತ್ತು. ಹಾಗಾಗಿ ಅಂಗಡಿಯಲ್ಲಿ ‘ಹುಳ’ ಎಂಬ ಮಾತು ಎತ್ತಲೇಬೇಡಿ, ‘ನುಸಿ’ ಅನ್ನಿ, ‘ಮೈಟ್ಸ್’ ಅನ್ನಿ. ಹಳೇ ದಾಸ್ತಾನಿನ ಡೈಕೋಫಾಲ್ ಕೊಟ್ಟರೆ ತರಬೇಡಿ. ನುಸಿಗೆ ಅದು ಹೇಳಿ ಮಾಡಿಸಿದ ಔಷಧಿಯೇ ಆಗಿತ್ತು, ಆದರೆ 2023ರಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿದೆ.

ಮನೆಯ ನಾಲ್ಕಾರು ಕುಂಡಕ್ಕೆ ಮೊದಲ ಔಷಧಿ ನೀರು. ಪೀಡೆ ಹತ್ತಿದ ಕುಂಡವನ್ನು ಉಳಿದವುಗಳಿಂದ ದೂರ ಇಡಿ. ಬಲೆ ಕಟ್ಟಿದ ರೆಂಬೆ, ಪೂರ್ತಿ ಕಂದಿದ ಎಲೆ ಕತ್ತರಿಸಿ ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ. ಎರೆಗೊಬ್ಬರದ ತೊಟ್ಟಿಗೆ ಬೇಡ. ಆಮೇಲೆ ಒಂದು ಕೈಯಲ್ಲಿ ರೆಂಬೆ ಬಗ್ಗಿಸಿ ಹಿಡಿದು ಪೈಪಿನ ನೀರನ್ನು ಕೆಳಗಿನಿಂದ ಮೇಲಕ್ಕೆ, ಎಲೆಯ ಅಡಿಗೇ ರಭಸವಾಗಿ ಬಿಡಿ. ಮೇಲಿನಿಂದ ಎಷ್ಟು ಸುರಿದರೂ ನುಸಿಗೆ ಅದು ಸೂರಿನ ಮೇಲೆ ಬಿದ್ದ ಮಳೆ. ಬೆಳಿಗ್ಗೆಯೇ ತೊಳೆಯಿರಿ, ರಾತ್ರಿಯಿಡೀ ಎಲೆ ಒದ್ದೆಯಾಗಿದ್ದರೆ ಗುಲಾಬಿಗೆ ಕಪ್ಪುಚುಕ್ಕೆ ರೋಗ ಬರುತ್ತದೆ. ದಿನ ಬಿಟ್ಟು ದಿನ ಒಂದು ವಾರ ತೊಳೆದರೆ ಅರ್ಧಕ್ಕರ್ಧ ನುಸಿ ಇಳಿಯುವುದನ್ನು ನಾನು ಕಂಡಿದ್ದೇನೆ.

ಉಳಿದದ್ದಕ್ಕೆ ಬೇವಿನೆಣ್ಣೆ. ಲೀಟರ್ ನೀರಿಗೆ 5 ಮಿಲಿ. ಎಣ್ಣೆಯನ್ನು ನೇರ ನೀರಿಗೆ ಸುರಿದರೆ ಮೇಲೆ ತೇಲುತ್ತದೆ, ಸಿಂಪಡಿಸುವಾಗ ಒಂದು ಎಲೆಗೆ ಬರೀ ನೀರು, ಇನ್ನೊಂದಕ್ಕೆ ಬರೀ ಎಣ್ಣೆ. ಎಣ್ಣೆ ಬಿದ್ದ ಎಲೆ ಮರುದಿನದ ಬಿಸಿಲಿಗೆ ಸುಡುತ್ತದೆ. ಸ್ವಲ್ಪ ಬೆಚ್ಚಗಿನ ನೀರಿನಲ್ಲಿ ಸೋಪು ತುರಿದು ಕರಗಿಸಿ, ಅಂಟುವಾಳದ ಕಾಯಿ ನೆನೆಸಿದ ನೀರಾದರೂ ನಡೆದೀತು. ಅದಕ್ಕೆ ಎಣ್ಣೆ ಹಾಕಿ ಕಡೆದು, ಹಾಲಿನಂತಾದ ಮೇಲೆ ಉಳಿದ ನೀರು ಸೇರಿಸಿ. ಬಟ್ಟೆ ಒಗೆಯುವ ಪುಡಿ ಬೇಡ. ಅರಿಶಿನ, ಹುಳಿಮಜ್ಜಿಗೆ, ಬೆಳ್ಳುಳ್ಳಿ ಎಲ್ಲ ಒಂದೇ ಬಾಟಲಿಗೆ ಹಾಕಿಸುವ ವಿಡಿಯೊಗಳನ್ನು ನೋಡಿ ನಗಬಹುದು, ಮಾಡಬಾರದು. ಮೊದಲು ಎರಡೇ ಎಲೆಗೆ ಹೊಡೆದು ಒಂದು ದಿನ ಕಾಯಿರಿ. ಏನೂ ಆಗದಿದ್ದರೆ ಹೊಸದಾಗಿ ಕಲಸಿ, ಸಂಜೆ ಬಿಸಿಲಿಳಿದ ಮೇಲೆ ಗಿಡಕ್ಕೆಲ್ಲ ಸಿಂಪಡಿಸಿ, ಎಲೆಯಡಿಯಿಂದ ಹನಿ ತೊಟ್ಟಿಕ್ಕುವಷ್ಟು. ಅರಳಿದ ಹೂವನ್ನು ಮೊದಲೇ ಬಿಡಿಸಿಕೊಳ್ಳಿ, ಎಣ್ಣೆ ತಾಗಿದ ಪಕಳೆ ಚಂದವಿರುವುದಿಲ್ಲ. ಕಲಸಿದ್ದನ್ನು ಅಂದೇ ಮುಗಿಸಿ.

ಮೊಟ್ಟೆಯೆಲ್ಲ ಇದಕ್ಕೆ ಸಾಯುವುದಿಲ್ಲ. ಐದು ದಿನಕ್ಕೊಮ್ಮೆ, ಕನಿಷ್ಠ ಮೂರು ಸಲ. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದಿಡಿ. ಎಲೆ ಮೇಲಿನ ಹಳೇ ಚುಕ್ಕಿ ಹೋಗಲಿಲ್ಲವೆಂದು ಗಾಬರಿ ಬೇಡ, ಅದು ಹೋಗುವುದಿಲ್ಲ. ಹೊಸ ಚಿಗುರು ಶುದ್ಧವಾಗಿದೆಯೇ ನೋಡಿ.

ಇದಕ್ಕೂ ಬಗ್ಗದಿದ್ದರೆ ನೀರಿನಲ್ಲಿ ಕರಗುವ ಗಂಧಕ, ಲೀಟರಿಗೆ 2 ಗ್ರಾಂ. ಬಿಸಿಲು 32 ಡಿಗ್ರಿ ದಾಟಿದ ದಿನಗಳಲ್ಲಿ ಬೇಡ. ಕಲಬುರಗಿ, ರಾಯಚೂರಿನವರು ಬೇಸಿಗೆಯಲ್ಲಿ ಇದನ್ನು ಮರೆತೇ ಬಿಡಿ. ಬೇವಿನೆಣ್ಣೆ ಹೊಡೆದು ಮೂರು ವಾರವಾದರೂ ಆಗಿರಬೇಕು, ಇಲ್ಲವಾದರೆ ಎಲೆ ಸುಟ್ಟೀತು. ಪಾಲಿಹೌಸಿನವರು ಬಳಸುವ ಅಬಾಮೆಕ್ಟಿನ್‌ನಂಥವು ಮಕ್ಕಳು ಆಡುವ ತಾರಸಿಗೆ ಬೇಡವೆಂದೇ ನನ್ನ ಅಭಿಪ್ರಾಯ.

ಪಕ್ಕದ ಬದನೆ, ಬೀನ್ಸ್, ಟೊಮೆಟೊ, ಚೆಂಡುಹೂವಿನ ಎಲೆಗಳನ್ನೂ ಮಗುಚಿ ನೋಡಿ, ಅವಕ್ಕೂ ಇದೇ ನುಸಿ ಹತ್ತುತ್ತದೆ. ಪೀಡೆಯ ಗಿಡವನ್ನು ಕೊನೆಗೆ ಮುಟ್ಟಿ, ಕತ್ತರಿ ತೊಳೆದಿಡಿ. ಹೊಸ ಸಸಿ ತಂದರೆ ಎರಡು ವಾರ ಬೇರೆ ಕಡೆ ಇರಲಿ. ಮಳೆ ಹಿಡಿದ ಮೇಲೆ ನುಸಿ ತಾನಾಗಿ ಇಳಿಯುತ್ತದೆ. ಮಳೆ ತಾಗದ ಬಾಲ್ಕನಿ ಕುಂಡಗಳಿಗೆ ಮಾತ್ರ ಪೈಪಿನ ಸ್ನಾನ ಮುಂದುವರಿಯಲಿ.