ಅಂಗಳದಲ್ಲಿ ಗಾಡಿ ಬಿದ್ದರೆ: ಯಾವುದು ಮನೆ ರಿಪೇರಿ, ಯಾವುದು ಮೆಕ್ಯಾನಿಕ್ ಕೆಲಸ?



ಆನೇಕಲ್, ಸರ್ಜಾಪುರ, ವರ್ತೂರು, ಹೊಸಕೋಟೆ, ನೆಲಮಂಗಲದ ಕಡೆಯ ಊರುಗಳಲ್ಲಿ ಈಗ ಎಷ್ಟೋ ಮನೆಗಳ ಹಾಲು ಡೈರಿಗೆ ಹೋಗುವುದು ಗಾಡಿಯ ಮೇಲೆ. ಮನೆಯವರು ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್, ಪೀಣ್ಯದ ಕಂಪನಿಗಳಿಗೆ ಬಸ್ಸು ಹತ್ತಿದ ಮೇಲೆ ಸ್ಕೂಟರ್, ಎಕ್ಸ್‌ಎಲ್, ಬೈಕ್ ಯಾವುದಿದ್ದರೂ ಅದು ಹೆಣ್ಣುಮಕ್ಕಳ ಕೈಗೇ ಬರುತ್ತದೆ. ಗಾಡಿ ಬೀಳುವುದು ರಸ್ತೆಯಲ್ಲೇ ಎಂದೇನಿಲ್ಲ. ಗಂಜಲದ ಕಾಲುವೆ ಪಕ್ಕದ ಹಸಿ ನೆಲದಲ್ಲಿ ಸ್ಟ್ಯಾಂಡ್ ಹೂತು, ಹಸು ಹಗ್ಗ ಜಗ್ಗಿ, ಒಂದೇ ಕಡೆ ತುಂಬಿದ ಕ್ಯಾನ್ ತೂಗುಹಾಕಿದ್ದರಿಂದ ನಿಂತಲ್ಲೇ ಮಗುಚುತ್ತದೆ.

ಹೀಗೆ ಬಿದ್ದಾಗ ಆಗುವ ಪೆಟ್ಟು ಸಾಮಾನ್ಯವಾಗಿ ಚಿಕ್ಕದು. ಆದರೆ ಅದರಲ್ಲಿ ಯಾವುದನ್ನು ನಾವೇ ಸರಿಮಾಡಬಹುದು, ಯಾವುದನ್ನು ಮುಟ್ಟಬಾರದು ಎಂದು ಗೊತ್ತಿರಬೇಕು. ಇನ್ನೊಂದು ಮಾತು: ನಮ್ಮ ಅಂಗಳ ಬರೀ ಗಾಡಿ ನಿಲ್ಲಿಸುವ ಜಾಗವಲ್ಲ, ದನ ಮೇವು ತಿನ್ನುವ ಜಾಗ. ಅಲ್ಲಿ ಬಿದ್ದ ಒಂದು ಸ್ಕ್ರೂ ಹಸುವಿನ ಪ್ರಾಣಕ್ಕೇ ಕುತ್ತು ತರಬಹುದು.

ಮೊದಲ ಐದು ನಿಮಿಷ

1. ಕೀ ತಿರುಗಿಸಿ ಇಂಜಿನ್ ಆಫ್ ಮಾಡಿ. ಹಳೆಯ ಬೈಕಾದರೆ ಪೆಟ್ರೋಲ್ ನಲ್ಲಿಯನ್ನೂ ಮುಚ್ಚಿ.
2. ಮಕ್ಕಳನ್ನು ದೂರ ಕಳುಹಿಸಿ. ಸೈಲೆನ್ಸರ್ ಕೆಂಡದಂತೆ ಸುಡುತ್ತಿರುತ್ತದೆ. ಹತ್ತಿರ ಕಟ್ಟಿದ ಹಸು, ಕರುವನ್ನು ಬಿಚ್ಚಿ ಬೇರೆ ಕಡೆ ಕಟ್ಟಿ.
3. ಪೆಟ್ರೋಲ್ ವಾಸನೆ ಬಂದರೆ ಬೆಂಕಿಕಡ್ಡಿ, ಬೀಡಿ, ಒಲೆ ಯಾವುದೂ ಹತ್ತಿರ ಬರಬಾರದು. ಪಕ್ಕದಲ್ಲೇ ರಾಗಿ ಹುಲ್ಲಿನ ಮೆದೆ ಇದ್ದರಂತೂ ಇನ್ನೂ ಎಚ್ಚರ. ಚೆಲ್ಲಿದ ಕಡೆ ಒಣ ಮಣ್ಣು ಸುರಿಯಿರಿ.

ಎತ್ತುವ ಬಗೆ

ಸ್ಕೂಟರ್ ಆಗಲಿ ಬೈಕ್ ಆಗಲಿ, ಬರಿಗಾಡಿಯೇ ಸುಮಾರು 100 ಕೆ.ಜಿ. ಅಥವಾ ಅದಕ್ಕೂ ಹೆಚ್ಚು ತೂಗುತ್ತದೆ. ಮುಂದಕ್ಕೆ ಬಗ್ಗಿ ಎತ್ತಿದರೆ ಸೊಂಟ ಹಿಡಿದುಕೊಳ್ಳುತ್ತದೆ. ಮೊದಲು ಕ್ಯಾನ್ ಬಿಚ್ಚಿ ಇಳಿಸಿ. ಗಾಡಿ ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಮೊದಲೇ ಬಿಡಿಸಿಡಿ. ಆಗ ಎತ್ತಿದ ಗಾಡಿ ಆ ಕಡೆ ಮಗುಚುವುದಿಲ್ಲ. ಗೇರ್ ಬೈಕಾದರೆ ಒಂದನೇ ಗೇರ್‌ಗೆ ಹಾಕಿ.

ನೆಲದ ಕಡೆಗಿರುವ ಹಿಡಿ ಸೀಟಿನ ಹತ್ತಿರ ಬರುವಂತೆ ಹ್ಯಾಂಡಲ್ ತಿರುಗಿಸಿ. ಗಾಡಿಗೆ ಬೆನ್ನು ಕೊಟ್ಟು, ಸೊಂಟವನ್ನು ಸೀಟಿಗೆ ಒತ್ತಿ ಕುಕ್ಕುರುಗಾಲಲ್ಲಿ ಕೂರಿ. ಒಂದು ಕೈಯಲ್ಲಿ ಆ ಹಿಡಿ, ಇನ್ನೊಂದು ಕೈಯಲ್ಲಿ ಹಿಂದಿನ ಕಂಬಿ. ಕಾಲಿನ ಬಲದಿಂದ ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತಾ ಎಬ್ಬಿಸಿ. ಬಸುರಿಯರು, ಬಾಣಂತಿಯರು, ಬೆನ್ನುನೋವಿರುವವರು ಈ ಕೆಲಸಕ್ಕೆ ಹೋಗಬೇಡಿ. ಪಕ್ಕದ ಮನೆಯವರನ್ನು ಕೂಗಿ ಕರೆಯಿರಿ.

ಎತ್ತಿದ ತಕ್ಷಣ ಸ್ಟಾರ್ಟ್ ಮಾಡಬೇಡಿ. ಹದಿನೈದು ನಿಮಿಷ ನೇರವಾಗಿ ನಿಲ್ಲಿಸಿ. ಆಯಿಲ್ ಕೆಳಗಿಳಿಯುತ್ತದೆ, ತುಂಬಿಕೊಂಡ ಪೆಟ್ರೋಲ್ ಆರುತ್ತದೆ. ಅಡಿಯಲ್ಲಿ ಆಯಿಲ್ ಸೋರಿದೆಯೇ ನೋಡಿ. 2020ರ ಏಪ್ರಿಲ್ ನಂತರ ಬಂದ ಬಿಎಸ್–6 ಗಾಡಿಗಳಲ್ಲಿ ಕೆಲವಕ್ಕೆ, ಗಾಡಿ ವಾಲಿದರೆ ಇಂಜಿನ್ ನಿಲ್ಲಿಸುವ ಸೆನ್ಸರ್ ಇರುತ್ತದೆ. ಅಂಥ ಗಾಡಿ ಸ್ಟಾರ್ಟ್ ಆಗದಿದ್ದರೆ ಕೀ ಆಫ್ ಮಾಡಿ ಮತ್ತೆ ಆನ್ ಮಾಡಿ ನೋಡಿ. ಸ್ಟಾರ್ಟ್ ಆದಾಗ ಸ್ವಲ್ಪ ಹೊತ್ತು ಹೊಗೆ ಬಂದರೆ ಗಾಬರಿ ಬೇಡ; ಬಿಡದೆ ಬರುತ್ತಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ.

ಮನೆಯಲ್ಲೇ ಆಗುವ ಕೆಲಸ

*ಕನ್ನಡಿ:* ತಿರುಗಿಕೊಂಡಿದ್ದರೆ ಬುಡದ ನಟ್ ಸಡಿಲಿಸಿ, ನೇರ ಮಾಡಿ ಬಿಗಿಯಿರಿ. ಸಾಮಾನ್ಯವಾಗಿ 14 ನಂಬರ್ ಸ್ಪ್ಯಾನರ್ ಸಾಕು. ಕೆಲವು ಗಾಡಿಗಳಲ್ಲಿ ಬಲಗಡೆ ಕನ್ನಡಿಯ ಥ್ರೆಡ್ ಉಲ್ಟಾ ಇರುತ್ತದೆ. ತಿರುಗದಿದ್ದರೆ ಬಲವಂತ ಮಾಡಬೇಡಿ.

*ಇಂಡಿಕೇಟರ್:* ಗಾಜು ಒಡೆದಿದ್ದರೆ ನೀರು ಹೋಗದಂತೆ ಪಾರದರ್ಶಕ ಟೇಪ್ ಸುತ್ತಿ. ಅದು ಬದಲಿ ಸಿಗುವವರೆಗೆ ಮಾತ್ರ.

*ಪ್ಲಾಸ್ಟಿಕ್ ಬಿರುಕು:* ಒಳಭಾಗವನ್ನು ತೊಳೆದು ಒಣಗಿಸಿ, ಉಪ್ಪುಕಾಗದದಿಂದ ಉಜ್ಜಿ, ಅರಾಲ್ಡೈಟ್ ಹಚ್ಚಿ. ಒಂದು ರಾತ್ರಿ ಹಾಗೇ ಬಿಡಿ.

*ಬಣ್ಣ ಕಿತ್ತಿರುವುದು:* ಕಬ್ಬಿಣ ಕಾಣುವಷ್ಟು ಗೀರಿದ್ದರೆ ಬಿಡಬೇಡಿ. ಗಂಜಲ, ಸಗಣಿಯ ತೇವಕ್ಕೆ ಬೇಗ ತುಕ್ಕು ಹಿಡಿಯುತ್ತದೆ. ಒರೆಸಿ ಒಣಗಿಸಿ ಟಚ್‌ಅಪ್ ಬಣ್ಣ ಹಚ್ಚಿ. ಸದ್ಯಕ್ಕೆ ಉಗುರುಬಣ್ಣವಾದರೂ ಆದೀತು.

*ಕ್ಲಚ್ ಅಥವಾ ಬ್ರೇಕ್ ಹಿಡಿ ಸ್ವಲ್ಪ ಬಾಗಿದ್ದರೆ:* ಬೆರಳಿಗೆ ಸಿಕ್ಕಿ ಪೂರ್ತಿ ಒತ್ತಲು ಬರುವುದಾದರೆ ಹಾಗೇ ಬಿಡಿ. ಅದು ಅಲ್ಯೂಮಿನಿಯಂ; ಸುತ್ತಿಗೆಯಿಂದ ಬಡಿದು ನೇರ ಮಾಡಲು ಹೋದರೆ ಕಾಣದಂತೆ ಬಿರುಕು ಬಿಟ್ಟು, ಮುಂದೆ ರಸ್ತೆಯಲ್ಲಿ ಮುರಿಯುತ್ತದೆ.

ಮೆಕ್ಯಾನಿಕ್‌ಗೇ ಬಿಡಬೇಕಾದ ಕೆಲಸ

- ಬ್ರೇಕ್ ಹಿಡಿ ಮುರಿದಿದೆ, ಬ್ರೇಕ್ ಹಿಡಿಯುತ್ತಿಲ್ಲ, ಅಥವಾ ಡಿಸ್ಕ್ ಬ್ರೇಕಿನ ಆಯಿಲ್ ಜಿನುಗುತ್ತಿದೆ
- ಚಕ್ರ ನೇರವಿದ್ದರೂ ಹ್ಯಾಂಡಲ್ ಓರೆ ನಿಲ್ಲುತ್ತದೆ, ಇಲ್ಲವೇ ತಿರುಗಿಸುವಾಗ ಹಿಡಿಯುತ್ತದೆ
- ಪೆಟ್ರೋಲ್ ಅಥವಾ ಇಂಜಿನ್ ಆಯಿಲ್ ಸೋರಿಕೆ
- ಗೇರ್ ಲಿವರ್ ಒಳಕ್ಕೆ ನುಗ್ಗಿ ಇಂಜಿನ್‌ಗೆ ತಾಗಿದೆ
- ಆಕ್ಸಿಲರೇಟರ್ ತಿರುಗಿಸಿ ಬಿಟ್ಟಾಗ ತಾನಾಗಿ ಹಿಂದಕ್ಕೆ ಬರುವುದಿಲ್ಲ

ಇವುಗಳಲ್ಲಿ ಒಂದಿದ್ದರೂ ಆ ಹೊತ್ತಿನ ಹಾಲನ್ನು ಬೇರೆಯವರ ಗಾಡಿಯಲ್ಲಿ ಕಳುಹಿಸಿ. ಕಂಟೇನರ್ ಲಾರಿಗಳು ಓಡಾಡುವ ಹೊಸೂರು ರಸ್ತೆ, ತುಮಕೂರು ರಸ್ತೆಯಲ್ಲಿ ಅರೆಬರೆ ಬ್ರೇಕಿನ ಗಾಡಿ ಓಡಿಸಬಾರದು. ಒಂದು ಹೊತ್ತಿನ ಹಾಲಿನ ಹಣಕ್ಕಿಂತ ನೀವು ದೊಡ್ಡವರು.

ಎಲ್ಲವೂ ಸರಿ ಕಂಡರೆ ಮೊದಲು ತಳ್ಳಿಕೊಂಡು ಹೋಗಿ ಎರಡೂ ಬ್ರೇಕ್ ಪರೀಕ್ಷಿಸಿ. ಲೈಟ್, ಹಾರನ್ ನೋಡಿ. ಆಮೇಲೆ ಕ್ಯಾನ್ ಇಲ್ಲದೆ ಊರೊಳಗೆ ನಿಧಾನವಾಗಿ ಒಂದು ಸುತ್ತು ಹಾಕಿ.

ಹಸು ಕಟ್ಟುವ ಮುನ್ನ ನೆಲ ನೋಡಿ

ಗಾಡಿ ನಿಂತಿತೆಂದು ಇಲ್ಲಿಗೇ ಕೆಲಸ ಮುಗಿಯಲಿಲ್ಲ. ಹಸು ಮೇವನ್ನು ಆರಿಸಿ ಅಗಿಯುವುದಿಲ್ಲ. ನಾಲಿಗೆಯಿಂದ ಸುತ್ತಿಕೊಂಡು ನುಂಗುತ್ತದೆ. ಹುಲ್ಲಿನೊಳಗಿನ ಸ್ಕ್ರೂ, ತಂತಿ ಚೂರು ಹೊಟ್ಟೆಗೆ ಹೋಗಿ ಎರಡನೇ ಹೊಟ್ಟೆಯಲ್ಲಿ ನಿಲ್ಲುತ್ತದೆ. ಅದರ ಮುಂದೆಯೇ ಹೃದಯ. ಮೊನಚಾದ ತಂತಿ ಹೊಟ್ಟೆಯ ಗೋಡೆ ಚುಚ್ಚಿಕೊಂಡು ಹೃದಯದ ಪೊರೆಯವರೆಗೂ ಹೋಗಬಹುದು. ಆ ಹಂತಕ್ಕೆ ಹೋದ ಹಸು ಬದುಕುವುದು ಕಷ್ಟ.

ಆದ್ದರಿಂದ ಒಡೆದ ಕನ್ನಡಿ, ಪ್ಲಾಸ್ಟಿಕ್ ಚೂರು, ಸ್ಕ್ರೂ, ವಾಷರ್ ಎಲ್ಲವನ್ನೂ ಗುಡಿಸಿ ತೆಗೆಯಿರಿ. ಹಳೇ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ ನೆಲದ ಮೇಲೆ ಎಳೆದರೆ ಕಣ್ಣಿಗೆ ಕಾಣದ ಕಬ್ಬಿಣವೂ ಸಿಗುತ್ತದೆ. ಗಾಜು, ಪ್ಲಾಸ್ಟಿಕ್ ಅದಕ್ಕೆ ಅಂಟುವುದಿಲ್ಲ; ಅದನ್ನು ಕಣ್ಣಿಟ್ಟೇ ಹುಡುಕಬೇಕು. ಪೆಟ್ರೋಲ್, ಆಯಿಲ್ ಬಿದ್ದ ಹುಲ್ಲು, ಹಿಂಡಿ, ಬೂಸಾ ದನಕ್ಕೆ ಹಾಕಬೇಡಿ. ಹಳೇ ಬ್ಯಾಟರಿಯನ್ನು ಕೊಟ್ಟಿಗೆಯ ಹತ್ತಿರ ಇಡಬೇಡಿ; ಕರು ನೆಕ್ಕಿದರೆ ಸೀಸದ ವಿಷ ಏರುತ್ತದೆ.

ಇದಾದ ಮೇಲೆ ಹಸು ಮೇವು ಬಿಟ್ಟರೆ, ಹಾಲು ಏಕಾಏಕಿ ಇಳಿದರೆ, ಬೆನ್ನು ಬಾಗಿಸಿ ನಿಂತರೆ, ಇಳಿಜಾರಿನಲ್ಲಿ ಇಳಿಯಲು ಹಿಂಜರಿದರೆ ಕೂಡಲೇ ಪಶುವೈದ್ಯರನ್ನು ಕರೆಸಿ. ಗಂಗೆದೊಗಲು ಊದುವವರೆಗೆ ಕಾಯಬೇಡಿ. ಗಾಡಿ ಬಿದ್ದದ್ದನ್ನೂ ವೈದ್ಯರಿಗೆ ಹೇಳಿ.

ವಿಮೆ ಕೇಳಬೇಕೇ?

ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ನಿಮ್ಮ ಗಾಡಿಯ ರಿಪೇರಿಗೆ ಹಣ ಬರುವುದಿಲ್ಲ. ಪೂರ್ಣ ವಿಮೆ ಇದ್ದರೂ ಲೆಕ್ಕ ಹಾಕಿ. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಸ್ವಂತ ಗಾಡಿ ಹಾನಿಯ ಕಂತಿನಲ್ಲಿ ಶೇ. 20 ರಿಯಾಯಿತಿ ಸಿಗುತ್ತದೆ. ಸತತ ಐದು ವರ್ಷಕ್ಕೆ ಅದು ಶೇ. 50 ಆಗುತ್ತದೆ. ಒಂದು ಕನ್ನಡಿಗಾಗಿ ಅದನ್ನು ಕಳೆದುಕೊಳ್ಳುವುದು ನಷ್ಟವೇ.

ಮತ್ತೆ ಬೀಳದಂತೆ

- ಗಾಡಿ ನಿಲ್ಲಿಸುವ ಕಡೆ ಒಂದು ಚಪ್ಪಡಿ ಕಲ್ಲು ಹಾಸಿ; ಸೈಡ್ ಸ್ಟ್ಯಾಂಡ್ ಅದರ ಮೇಲಿರಲಿ.
- ಕ್ಯಾನ್ ಏರಿಸುವಾಗ, ಇಳಿಸುವಾಗ ಸೆಂಟರ್ ಸ್ಟ್ಯಾಂಡ್ ಹಾಕಿ. 20 ಲೀಟರ್ ಹಾಲೆಂದರೆ 20 ಕೆ.ಜಿ.ಗೂ ಹೆಚ್ಚು ತೂಕ. ಎರಡೂ ಕಡೆ ಸಮನಾಗಿ ಹಂಚಿ.
- ಹಸುವಿನ ಹಗ್ಗ ಎಟುಕುವಷ್ಟು ಹತ್ತಿರ ಗಾಡಿ ನಿಲ್ಲಿಸಬೇಡಿ.
- ಸ್ಪ್ಯಾನರ್, ಸ್ಕ್ರೂಡ್ರೈವರ್, ಇಕ್ಕಳ, ಟೇಪ್, ಅಯಸ್ಕಾಂತ ಇವಿಷ್ಟನ್ನು ಮುಚ್ಚಳವಿರುವ ಒಂದೇ ಡಬ್ಬಿಯಲ್ಲಿಡಿ. ಕೆಲಸ ಮುಗಿದ ಮೇಲೆ ಎಣಿಸಿ ಒಳಗಿಡಿ.