ಎಳೆಯ ಕೈಗಳ ಸೇವೆ

ಶ್ರಾವಣ ಮಾಸವು ಸಮೀಪಿಸಿತೆಂದರೆ ನಮ್ಮ ಮನೆಗಳಲ್ಲಿ ಸಡಗರವು ಮೊದಲಾಗುವುದು. ನಾಗಪಂಚಮಿ, ಮಂಗಳಗೌರಿ, ರಾಯರ ಆರಾಧನೆ, ಕೃಷ್ಣಾಷ್ಟಮಿ ಎಂದು ಪರ್ವಗಳು ಒಂದರ ಹಿಂದೊಂದು ಬರುವುವು. ಹಿರಿಯರಿಗೆ ಕೈತುಂಬ ಕೆಲಸ. ಆದರೆ ಮೂರರಿಂದ ಏಳೆಂಟು ವರ್ಷದ ಮಕ್ಕಳ ಪಾಡೇನು? "ಮುಟ್ಟಬೇಡ, ದೂರ ಕುಳಿತುಕೋ" ಎಂಬುದೇ ಅವರ ಪಾಲಿಗೆ ಬರುವ ಹಬ್ಬದ ಉಪದೇಶ. ಈಗಂತೂ ಕೈಗೊಂದು ಮೊಬೈಲನ್ನು ಕೊಟ್ಟು ಮೂಲೆಯಲ್ಲಿ ಕೂರಿಸಿದರೆ ಗಲಾಟೆ ಮುಗಿಯಿತೆಂದು ನಾವು ಭಾವಿಸುತ್ತೇವೆ. ಮಗುವು ಹಬ್ಬದಿಂದ ಹೊರಗುಳಿಯಿತೆಂಬುದು ನಮ್ಮ ಗಮನಕ್ಕೆ ಬರುವುದಿಲ್ಲ.

ಮಗುವಿನ ಬೆರಳುಗಳು ಸುಮ್ಮನಿರಲಾರವು. ಆ ಬೆರಳುಗಳಿಗೆ ತಕ್ಕ ಕೆಲಸಗಳು ನಮ್ಮ ಸಂಪ್ರದಾಯದಲ್ಲಿಯೇ ಹೇರಳವಾಗಿವೆ. ಹಣ ಕೊಟ್ಟು ತರಬೇಕಾದುದು ಬಹಳ ಕಡಮೆ. ಅವುಗಳಲ್ಲಿ ಕೆಲವನ್ನು ಇಲ್ಲಿ ನಿರೂಪಿಸುತ್ತೇವೆ.

ಮೊದಲನೆಯದು ಹತ್ತಿಯ ಕೆಲಸ. ಬೀಜ ಕಸ ತೆಗೆದ ಹತ್ತಿಯನ್ನು ಅಡಕೆಯಷ್ಟು ತೆಗೆದುಕೊಂಡು ಬಿಲ್ಲೆಯಂತೆ ಅಗಲಿಸಿ, ನಡುವನ್ನು ಮೇಲಕ್ಕೆತ್ತಿ, ಹಾಲಿನಲ್ಲಿ ಅದ್ದಿದ ಬೆರಳ ತುದಿಗಳಿಂದ ಹೊಸೆದರೆ ಹೂಬತ್ತಿಯಾಯಿತು. ನಾಲ್ಕು ವರ್ಷದ ಮಗುವೂ ಇದನ್ನು ಎರಡು ದಿನಗಳಲ್ಲಿ ಕಲಿಯಬಲ್ಲದು. ಹತ್ತಿಯನ್ನು ಗೇಣುದ್ದದ ಪಟ್ಟಿಯಾಗಿ ಎಳೆದು, ಒಂದೊಂದು ಅಂಗುಲಕ್ಕೆ ಹೊಸೆದು, ನಡುನಡುವೆ ಹತ್ತಿಯನ್ನು ಉಬ್ಬಾಗಿ ಬಿಟ್ಟು, ಹೊಸೆದ ಎಡೆಗೆ ಕುಂಕುಮವನ್ನು ಹಚ್ಚಿದರೆ ಗೆಜ್ಜೆವಸ್ತ್ರ. ಇದಕ್ಕೆ ಆರು ವರ್ಷವಾದರೂ ಆಗಿರಬೇಕು. ಕಾರ್ತಿಕದಲ್ಲಿ ಲಕ್ಷಬತ್ತಿಯ ಸಂಕಲ್ಪವಿರುವ ಮನೆಗಳಲ್ಲಿ ಮಕ್ಕಳ ಬತ್ತಿಗಳೂ ಲೆಕ್ಕಕ್ಕೆ ಸೇರಲಿ.

ಎರಡನೆಯದು ಎಣಿಕೆಯ ಕೆಲಸ. ಗಣಪತಿಗೆ ೨೧ ಗರಿಕೆಗಳನ್ನು ಆರಿಸುವುದು, ಸ್ವರ್ಣಗೌರಿಯ ದಾರಕ್ಕೆ ೧೬ ಗಂಟುಗಳನ್ನೂ ಅನಂತನ ದಾರಕ್ಕೆ ೧೪ ಗಂಟುಗಳನ್ನೂ ಹಾಕುವಾಗ ಹಿರಿಯರ ಪಕ್ಕದಲ್ಲಿ ಕುಳಿತು ಎಣಿಸುವುದು, ಚಾತುರ್ಮಾಸ್ಯದಲ್ಲಿ ಗೋಪದ್ಮವ್ರತಕ್ಕೆ ಬರೆಯುವ ೩೩ ಪದ್ಮಗಳಲ್ಲಿ ಎರಡನ್ನಾದರೂ ತಾನೇ ಬರೆಯುವುದು, ಇವೆಲ್ಲ ಮಗುವಿಗೆ ಆಟವೂ ಹೌದು, ಲೆಕ್ಕದ ಪಾಠವೂ ಹೌದು. ಹೂವು ಕಟ್ಟಲು ಸೂಜಿಯನ್ನು ಕೊಡದೆ ನೆನೆಸಿದ ಬಾಳೆನಾರನ್ನು ಕೊಡತಕ್ಕದ್ದು.

ಮೂರನೆಯದು ಹಿಟ್ಟಿನ ಕೆಲಸ. ಕೃಷ್ಣಾಷ್ಟಮಿಯಂದು ಅಕ್ಕಿಹಿಟ್ಟನ್ನು ನೀರಿನಲ್ಲಿ ಕಲಸಿ, ಮಗುವಿನ ಮುಷ್ಟಿಯ ಕಿರುಬೆರಳ ಪಕ್ಕವನ್ನು ಅದರಲ್ಲಿ ಅದ್ದಿ ನೆಲಕ್ಕೆ ಒತ್ತಿಸಿರಿ. ಮೇಲೆ ಬೆರಳ ತುದಿಯಿಂದ ಐದು ಚುಕ್ಕೆಗಳನ್ನಿಡಿಸಿರಿ. ಬಾಲಕೃಷ್ಣನ ಪಾದವು ಮೂಡುವುದು. ಹೊಸ್ತಿಲಿನಿಂದ ದೇವರ ಮಂಟಪದವರೆಗೆ ಪಾದಗಳು ಒಳಮುಖವಾಗಿ ಸಾಗಬೇಕು. ಬಣ್ಣ ಬೇಕಾದಲ್ಲಿ ಅರಿಶಿನದ ನೀರಿದೆ. ಅದಕ್ಕೆ ಚಿಟಿಕೆ ಸುಣ್ಣವನ್ನು ಸೇರಿಸಿದೊಡನೆ ಹಳದಿಯು ಕೆಂಪಾಗುವುದನ್ನು ಕಂಡು ಬೆರಗಾಗದ ಮಗುವಿಲ್ಲ. ಸುಣ್ಣವನ್ನು ಮಾತ್ರ ಹಿರಿಯರೇ ಹಾಕಬೇಕು. ಅದು ಎಳೆಯ ಚರ್ಮವನ್ನೂ ಕಣ್ಣನ್ನೂ ಸುಡುವುದು.

ನಾಲ್ಕನೆಯದು ಮಣ್ಣಿನ ಕೆಲಸ. ಉಡುಪಿಯಲ್ಲಿ ವಿಟ್ಲಪಿಂಡಿಯಂದು ರಥವೇರುವುದು ಶ್ರೀಕೃಷ್ಣನ ಮೃಣ್ಮಯ ಮೂರ್ತಿಯೇ. ಉತ್ಸವವಾದ ಮೇಲೆ ಅದು ಮಧ್ವಸರೋವರದಲ್ಲಿ ವಿಸರ್ಜಿತವಾಗುವುದು. ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಜ್ಯೇಷ್ಠ ಬಹುಳ ಅಮಾವಾಸ್ಯೆಯಂದು ಮಣ್ಣೆತ್ತುಗಳನ್ನು ಮಾಡಿ ಪೂಜಿಸುವರು. ಮಣ್ಣು ನಮಗೆ ಹೀನವಲ್ಲ. ಕಲ್ಲು ಕಸವಿಲ್ಲದ ಮಣ್ಣನ್ನು ನೆನೆಸಿ, ಚಪಾತಿಹಿಟ್ಟಿನ ಹದಕ್ಕೆ ನಾದಿ ಕೊಟ್ಟರೆ ಮಗುವು ಎರಡು ಉಂಡೆ, ಒಂದು ಸೊಂಡಿಲು ಇಷ್ಟರಲ್ಲಿ ಗಣಪನನ್ನು ಮಾಡುವುದು. ಬಿಸಿಲಿನಲ್ಲಿಟ್ಟರೆ ಬಿರಿಯುವುದರಿಂದ ನೆರಳಿನಲ್ಲಿ ಒಣಗಿಸತಕ್ಕದ್ದು. ಪೂಜೆಯ ಮೂರ್ತಿ ಮನೆಯ ಪದ್ಧತಿಯಂತೆ ಇರಲಿ. ಅದರ ಪಕ್ಕದಲ್ಲಿ ಮಗುವಿನ ಗಣಪನಿಗೂ ಒಂದು ಎಡೆಯಿರಲಿ.

ಮಡಿಯ ಪ್ರಶ್ನೆ ಇಲ್ಲಿ ಏಳುವುದು ಸಹಜ. ಬತ್ತಿ, ಗೆಜ್ಜೆವಸ್ತ್ರ, ದಾರಗಳ ಕೆಲಸವನ್ನು ಮಗುವಿಗೆ ಸ್ನಾನ ಮಾಡಿಸಿ, ಒಗೆದ ಬಟ್ಟೆಯನ್ನುಡಿಸಿ, ಹಿರಿಯರ ಎದುರಿಗೆ ಮಾಡಿಸಬಹುದು. ಅದಕ್ಕೂ ಒಪ್ಪದ ಮನೆಗಳಲ್ಲಿ ಹೊಸ್ತಿಲ ರಂಗವಲ್ಲಿ, ಮಾವಿನೆಲೆಯ ತೋರಣ, ತುಲಸೀಕಟ್ಟೆಯ ಕಾರಣೆ ಇವಾದರೂ ಮಕ್ಕಳ ಪಾಲಿಗಿರಲಿ. ಮಡಿಯನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಮಡಿಯ ನೆಪದಲ್ಲಿ ಮಗುವನ್ನು ಬಿಡಬಾರದೆಂದಷ್ಟೇ ಹೇಳುತ್ತಿದ್ದೇವೆ.

ಇಷ್ಟೆಲ್ಲ ಹೇಳುವ ನಾವೇ ಒಮ್ಮೆ ತಪ್ಪಿದೆವು. ಕೆಲವು ವರ್ಷಗಳ ಹಿಂದೆ ಗೌರೀಹಬ್ಬದ ಮುನ್ನಾದಿನ ನಮ್ಮ ಮಗಳು ಬಹುಹೊತ್ತು ಕುಳಿತು ಒಂದು ಗೆಜ್ಜೆವಸ್ತ್ರವನ್ನು ಮಾಡಿದಳು. ಅದು ಒಂದೆಡೆ ದಪ್ಪ, ಒಂದೆಡೆ ಹರಿಯುವಷ್ಟು ತೆಳುವು. ಕುಂಕುಮವು ಹತ್ತಿಗಿಂತ ಹೆಚ್ಚಾಗಿತ್ತು. ಬಂಧುಗಳು ಬರುವವರಿದ್ದರು. ಅವಳು ಮಲಗಿದ ಮೇಲೆ ಅದನ್ನು ತೆಗೆದಿಟ್ಟು, ಅಂಗಡಿಯ ಪೊಟ್ಟಣದ ಅಚ್ಚುಕಟ್ಟಾದುದನ್ನು ತಟ್ಟೆಯಲ್ಲಿರಿಸಿದೆವು. ಪೂಜೆಯ ಹೊತ್ತಿಗೆ ಅವಳು ಅದನ್ನು ನೋಡಿದಳು, ಏನೂ ಕೇಳಲಿಲ್ಲ. ಮರುವರ್ಷ ಹತ್ತಿಯನ್ನು ಮುಂದಿಟ್ಟು ಕರೆದಾಗ, "ನಂದು ದೇವರಿಗೆ ಬರಲ್ಲಪ್ಪಾ, ಅಂಗಡೀದೇ ಹಾಕಿ" ಎಂದು ಎದ್ದುಹೋದಳು.

ನಮ್ಮ ತೀರ್ಥರೂಪರು ಜಗಲಿಯಲ್ಲಿ ಕುಳಿತು ಇದನ್ನು ಕೇಳಿಸಿಕೊಂಡರು. ಬಹುಕಾಲ ದೇವಾಲಯದಲ್ಲಿ ಅರ್ಚಕರಾಗಿದ್ದವರು. "ನಿನ್ನ ಮೊದಲನೇ ತುಲಸೀಮಾಲೆ ನೆನಪಿದೆಯೇನೋ? ನಾಲ್ಕು ದಳ, ಮೂರು ಗಂಟು. ಅದನ್ನೇ ದೇವರಿಗೆ ಏರಿಸಿದ್ದೆ" ಎಂದಷ್ಟೇ ಹೇಳಿದರು. ನಮಗೆ ಉತ್ತರವಿರಲಿಲ್ಲ. ತೆಗೆದಿಟ್ಟಿದ್ದ ಆ ಗೆಜ್ಜೆವಸ್ತ್ರವನ್ನು ಹುಡುಕಿದೆವು, ಸಿಕ್ಕಲಿಲ್ಲ. ಮಗಳ ಎದುರಿಗೆ ಕುಳಿತು, ತಪ್ಪಾಯಿತೆಂದು ಹೇಳಿದೆವು. ಅವಳು ಮತ್ತೆ ಹತ್ತಿಯನ್ನು ಮುಟ್ಟಿದ್ದು ಕಾರ್ತಿಕದಲ್ಲಿ, ಅಜ್ಜನ ಪಕ್ಕದಲ್ಲಿ ಕುಳಿತು.

ಭಗವದ್ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ ಭಗವಂತನು ಎಲೆ, ಹೂವು, ಹಣ್ಣು, ನೀರು ಯಾವುದನ್ನೇ ಆದರೂ ಭಕ್ತಿಯಿಂದ ಕೊಟ್ಟರೆ ಸ್ವೀಕರಿಸುವೆನೆಂದು ಹೇಳಿದ್ದಾನೆ. ಎಲೆಯು ಅಂದವಾಗಿರಬೇಕೆಂಬ ನಿಬಂಧನೆಯನ್ನು ಅಲ್ಲಿ ಹಾಕಿಲ್ಲ. ನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯದಲ್ಲಿ, ಬಾಲಕ ವಾಸುದೇವನು ತಂದೆಯ ಸಾಲಕ್ಕಾಗಿ ಹುಣಸೆಯ ಬೀಜಗಳನ್ನು ಕೊಟ್ಟಾಗ ಸಾಲ ಕೊಟ್ಟವನು ಅವನ್ನು ಸ್ವೀಕರಿಸಿದ ಪ್ರಸಂಗವಿದೆ. ಅದು ಅವತಾರಪುರುಷರ ಮಹಿಮೆ, ನಮ್ಮ ಮಕ್ಕಳಿಗೆ ಹೋಲಿಸತಕ್ಕದ್ದಲ್ಲ. ಆದರೂ ಮಗುವು ಮನಸಾರೆ ನೀಡಿದುದನ್ನು ಕೈಯೊಡ್ಡಿ ತೆಗೆದುಕೊಳ್ಳುವ ಪಾಠವು ಹಿರಿಯರಾದ ನಮಗೆ ಅಲ್ಲಿದೆ.

ಆದುದರಿಂದ ತಾಯಿತಂದೆಗಳಲ್ಲಿ ನಮ್ಮ ಬಿನ್ನಹವಿಷ್ಟೆ. ದಿನಕ್ಕೆ ಕಾಲುಗಂಟೆ ಮಗುವಿನೊಡನೆ ಕುಳಿತುಕೊಳ್ಳಿರಿ. ಒಮ್ಮೆ ಮಾಡಿ ತೋರಿಸಿರಿ, ಬಳಿಕ ಕೈ ಹಿಂದೆಗೆಯಿರಿ. ಸೊಟ್ಟಗಾದುದನ್ನು ಮಗುವಿನ ಕಣ್ಮರೆಯಲ್ಲಿ ತಿದ್ದಬೇಡಿರಿ. ಬೇಸರವಾಗಿ ಎದ್ದರೆ ಬಲವಂತ ಬೇಡ. ಮುಖ್ಯವಾಗಿ, ಅದು ಮಾಡಿದ ವಸ್ತುವು ಹಬ್ಬದ ದಿನ ದೇವರ ಸನ್ನಿಧಿಗೆ ಸೇರಲಿ, ಸೇರಿದುದನ್ನು ಅದು ತನ್ನ ಕಣ್ಣಿನಿಂದ ಕಾಣಲಿ. ಅಂದವು ವರ್ಷ ಕಳೆದಂತೆ ತಾನಾಗಿ ಬರುವುದು. ತನ್ನ ಸೇವೆಯು ದೇವರಿಗೆ ಬೇಡವೆಂದು ಒಮ್ಮೆ ಹಿಂದೆ ಸರಿದ ಮಗುವನ್ನು ಮರಳಿ ಕರೆತರುವುದು ಮಾತ್ರ ಬಹು ಕಷ್ಟ.

॥ ಶ್ರೀಕೃಷ್ಣಾರ್ಪಣಮಸ್ತು ॥